ಎಣಿಸುವುದು ಫೋನು, ನಡೆಯಬೇಕಾದವರು ನಾವು

ಮೂವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೊತ್ತು ಬರುವವರನ್ನು ನಾವು ವೈದ್ಯರು ಈಗ ಕಾಣುತ್ತಿದ್ದೇವೆ. ಓಣಿಯ ತುದಿಯ ಅಂಗಡಿಗೂ ಬೈಕ್ ಬೇಕೆನ್ನುವ ಯುವಕ, ಯುವತಿಯರಿಗೆ ಹೆಜ್ಜೆ ಎಣಿಸುವ ಆ್ಯಪ್ ಒಳ್ಳೆಯ ಸಾಧನವೇ. ಕೇಂದ್ರ ಸರ್ಕಾರವೂ 2021ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಆ್ಯಪ್ ಬಿಡುಗಡೆ ಮಾಡಿತು.

ಆದರೆ ದಿನಕ್ಕೆ 10,000 ಹೆಜ್ಜೆ ಆಗಲಿಲ್ಲವೆಂದು ಬೇಸತ್ತು ಆ್ಯಪ್ ತೆಗೆದುಹಾಕುವವರೇ ಹೆಚ್ಚು. ಈ ಸಂಖ್ಯೆ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಲ್ಲೇ ಅದು ಇತ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಅಥವಾ ಅಷ್ಟೇ ಶ್ರಮದ ಕೆಲಸ. ಎಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ.

ಮೊದಲ ವಾರ ನಿಮ್ಮ ಎಂದಿನ ಹೆಜ್ಜೆಗಳೆಷ್ಟು ಎಂದಷ್ಟೇ ನೋಡಿ. ಮುಂದಿನ ವಾರ ದಿನಕ್ಕೆ ಒಂದು ಸಾವಿರ ಸೇರಿಸಿ. ಒಬ್ಬರೇ ಹೋಗದೆ ಗೆಳೆಯರನ್ನು ಕರೆದುಕೊಳ್ಳಿ. ಸವಣೂರಿನವರು ದೊಡ್ಡಹುಣಸೆ ಮರಗಳವರೆಗೆ, ಹಾನಗಲ್ಲಿನವರು ತಾರಕೇಶ್ವರ ಗುಡಿಯವರೆಗೆ ನಡೆಯಬಹುದು. ಶಿಗ್ಗಾಂವಿ, ಹಿರೇಕೆರೂರಿನವರಿಗೂ ಊರ ಹೊರಗಿನ ದಾರಿಗಳಿಗೇನು ಕೊರತೆ? ನಡೆಯುವಾಗ ಫೋನು ಜೇಬಿನಲ್ಲಿರಲಿ, ಕಣ್ಣು ರಸ್ತೆಯ ಮೇಲಿರಲಿ.

ಫೋನನ್ನು ಬದುವಿನ ಮೇಲಿಟ್ಟು ಹೊಲದಲ್ಲಿ ಕಳೆ ತೆಗೆಯುವವರ ಶ್ರಮ ಆ್ಯಪ್‌ಗೆ ತಿಳಿಯದು. ಅದೂ ವ್ಯಾಯಾಮವೇ, ಅವರು ಅಂಕಿಗೆ ಅಂಜಬೇಕಿಲ್ಲ. ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಆ್ಯಪ್ ಲೆಕ್ಕ ಬರೆಯುವ ಗುಮಾಸ್ತ ಮಾತ್ರ. ಆರೋಗ್ಯದ ಗಳಿಕೆ ನಮ್ಮ ಕಾಲಿನಿಂದಲೇ ಆಗಬೇಕು.