ಬಾಣದ ಮೇಲೆ ಬರೆದದ್ದು

ರಾಸಾಯನಿಕ ಸಮೀಕರಣವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗಳು ಬಾಣದ ಎರಡು ಬದಿಗಳನ್ನು ನೆನಪಿಡುತ್ತಾರೆ. ಬಾಣದ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದ ಉಷ್ಣತೆ, ಒತ್ತಡ, ಕ್ರಿಯಾವರ್ಧಕಗಳನ್ನು ಮರೆತುಬಿಡುತ್ತಾರೆ. ಕಾರ್ಖಾನೆಯ ಅಳಿವು ಉಳಿವು ನಿಂತಿರುವುದು ಆ ಸಣ್ಣ ಅಕ್ಷರಗಳ ಮೇಲೆ.

ಡೈಮೀಥೈಲ್ ಈಥರ್ ಎಂಬ ಅನಿಲವನ್ನೇ ನೋಡೋಣ. ಮೆಥನಾಲಿನ ಎರಡು ಅಣುಗಳಿಂದ ನೀರಿನ ಒಂದು ಅಣುವನ್ನು ಕಳೆದರೆ ಇದು ದೊರೆಯುತ್ತದೆ. ಇದರಿಂದ ನೀರಿನ ಇನ್ನೊಂದು ಅಣು ಹೊರಟುಹೋದರೆ ಉಳಿಯುವುದು ಎಥಿಲೀನ್. ಲೆಕ್ಕದ ಪ್ರಕಾರ 46 ಗ್ರಾಂ ಈಥರಿನಿಂದ 28 ಗ್ರಾಂ ಎಥಿಲೀನ್, 18 ಗ್ರಾಂ ನೀರು. ಎಥಿಲೀನ್ ಮತ್ತು ಪ್ರೊಪಿಲೀನ್‌ಗಳನ್ನು ಹಗುರ ಓಲಿಫಿನ್‌ಗಳೆನ್ನುತ್ತಾರೆ. ಹಾಲಿನ ಪೊಟ್ಟಣಕ್ಕೂ ಸಿಮೆಂಟಿನ ಚೀಲಕ್ಕೂ ಬೇಕಾದ ಪ್ಲಾಸ್ಟಿಕ್ಕಿಗೆ ಇವೇ ಮೂಲ.

ಕಾಗದದ ಮೇಲೆ ಸರಳವಾದ ಈ ಕ್ರಿಯೆ ಕಾರ್ಖಾನೆಯಲ್ಲಿ ಹಲವು ದಾರಿ ಹಿಡಿಯುತ್ತದೆ. ಸಾಪೋ-34 ಎಂಬ ಕ್ರಿಯಾವರ್ಧಕದ ಹರಳುಗಳೊಳಗೆ ಪುಟ್ಟ ಗೂಡುಗಳಿವೆ. ಅವುಗಳ ಬಾಗಿಲಿನ ಅಗಲ ಸುಮಾರು 0.38 ನ್ಯಾನೋಮೀಟರ್. ಎಥಿಲೀನ್, ಪ್ರೊಪಿಲೀನ್‌ಗಳು ಅಲ್ಲಿಂದ ಹೊರಬರುತ್ತವೆ. ದೊಡ್ಡ ಅಣುಗಳು ಒಳಗೇ ಸಿಕ್ಕಿಕೊಳ್ಳುತ್ತವೆ.

ಉಷ್ಣತೆಯನ್ನು ಸಾಮಾನ್ಯವಾಗಿ 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಅದನ್ನು ಏರಿಸಿದರೆ ಎಥಿಲೀನ್‌ನ ಪಾಲು ಹೆಚ್ಚುತ್ತದೆ. ಆದರೆ ಮೀಥೇನೂ ಇಂಗಾಲದ ಮಸಿಯೂ ಹೆಚ್ಚುತ್ತವೆ. ಇಳಿಸಿದರೆ ಪ್ರೊಪಿಲೀನ್‌ನ ಪಾಲು ಮೇಲಾಗುತ್ತದೆ. ಒತ್ತಡ ಹೆಚ್ಚಾದರೆ ಓಲಿಫಿನ್ ಅಣುಗಳು ಪರಸ್ಪರ ಕೂಡಿಕೊಂಡು ಭಾರವಾದ ಅಣುಗಳಾಗುತ್ತವೆ. ನೀರಾವಿಯನ್ನು ಬೆರೆಸಿದರೆ ಈ ಕೂಡುವಿಕೆ ತಗ್ಗುತ್ತದೆ, ಮಸಿಯೂ ನಿಧಾನವಾಗುತ್ತದೆ. ಅನಿಲವು ಹರಳುಗಳ ನಡುವೆ ತೀರ ಬೇಗ ಹಾದುಹೋದರೆ ಈಥರ್ ಹಾಗೆಯೇ ಉಳಿಯುತ್ತದೆ. ತಡವಾದರೆ ದೊರೆತ ಓಲಿಫಿನ್ ಬೇರೆ ಪದಾರ್ಥಗಳಾಗಿ ಕೆಡುತ್ತದೆ.

ಮಸಿಯ ನಡತೆ ಮಾತ್ರ ವಿಚಿತ್ರವಾದುದು. ಅದು ಗೂಡುಗಳನ್ನು ಪೂರ್ತಿ ತುಂಬಿದರೆ ಕ್ರಿಯೆಯೇ ನಿಲ್ಲುತ್ತದೆ. ಆದ್ದರಿಂದ ಹರಳುಗಳನ್ನು ಎಡೆಬಿಡದೆ ಇನ್ನೊಂದು ಪಾತ್ರೆಗೆ ಹರಿಸಿ, ಗಾಳಿಯಲ್ಲಿ ಮಸಿಯನ್ನು ಸುಡುತ್ತಾರೆ. ಆದರೆ ಸ್ವಲ್ಪ ಮಸಿ ಉಳಿದರೆ ಗೂಡು ಕಿರಿದಾಗಿ, ಸಣ್ಣ ಅಣುವಾದ ಎಥಿಲೀನ್‌ಗೆ ಅನುಕೂಲವಾಗುತ್ತದೆ. ಪೂರ್ತಿ ತೊಳೆದ ಪಾತ್ರೆಗಿಂತ ಹದವಾಗಿ ಮಸಿ ಹಿಡಿದ ಪಾತ್ರೆಯೇ ಇಲ್ಲಿ ಮೇಲು.

ಚೀನಾದ ಒಳ ಮಂಗೋಲಿಯಾದ ಬಾವೊಟೌ ನಗರದಲ್ಲಿ 2010ರಲ್ಲಿ ಆರಂಭವಾದ ಕಾರ್ಖಾನೆ ಈ ಬಗೆಯದು. ಕಲ್ಲಿದ್ದಲಿನಿಂದ ಮೆಥನಾಲ್, ಅದರಿಂದ ವರ್ಷಕ್ಕೆ 6 ಲಕ್ಷ ಟನ್ ಓಲಿಫಿನ್ ತಯಾರಿಸುವ ಸಾಮರ್ಥ್ಯ ಅದಕ್ಕಿದೆ. ಕ್ರಿಯಾಪಾತ್ರೆಯಲ್ಲಿ ಮೆಥನಾಲ್ ಮೊದಲು ಈಥರಾಗಿ, ಬಳಿಕ ಓಲಿಫಿನ್ ಆಗುತ್ತದೆ. ಪೆಟ್ರೋಲಿಯಂ ಇಲ್ಲದೆ ಪ್ಲಾಸ್ಟಿಕ್ ದೊರೆಯಿತು, ನಿಜ. ಆದರೆ ಕಲ್ಲಿದ್ದಲಿನ ದಾರಿಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಬಹಳ. ಹದ ತಪ್ಪಿ ಮಸಿಯಾಗಿ, ಮೀಥೇನಾಗಿ ಹೋದ ಪ್ರತಿ ಟನ್ನಿನ ಹಿಂದೆಯೂ ವ್ಯರ್ಥವಾಗಿ ಉರಿದ ಕಲ್ಲಿದ್ದಲಿದೆ.

ಮಕ್ಕಳು ಸಮೀಕರಣವನ್ನು ಒಪ್ಪಿಸುವಾಗ ಪಾಲಕರು ಒಂದು ಪ್ರಶ್ನೆ ಕೇಳಲಿ: ಬಾಣದ ಮೇಲೆ ಏನಿದೆ? ಅದನ್ನು ಬದಲಿಸಿದರೆ ಏನಾದೀತು? ಉತ್ತರ ಹುಡುಕುವ ಮಗುವಿಗೆ ವಿಜ್ಞಾನವು ಕಂಠಪಾಠವಾಗಿ ಉಳಿಯಲಾರದು.