ಬೈಟಿನ ಅಳತೆ, ಅಕ್ಷರದ ಅಳತೆ

ಗಣಕಯಂತ್ರಗಳು ಪರಸ್ಪರ ಮಾತನಾಡುವ ನಿಯಮಗಳಿಗೂ ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರವಾಗಿ ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ನೋಡಿದರೆ ಸಾಕು. ಕಣ್ಣಿಗೆ ಅದು ಒಂದೇ ಅಕ್ಷರ; ಛಂದಸ್ಸಿನಲ್ಲಿ ಒಂದು ಗುರು. ಯೂನಿಕೋಡ್‌ನಲ್ಲಿ ಮಾತ್ರ ಅದು ಆರು ಸಂಕೇತಗಳ ಸರಣಿ: ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೆ ವಿರಾಮ, ರಕಾರ, ಕೊನೆಗೆ ಈಕಾರದ ಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕಾಗಿ, ಈ ಒಂದು ಅಕ್ಷರ 18 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ದೇವನಾಗರಿಗೂ ಮೂರೇ ಬೇಕಾದ್ದರಿಂದ, ಈ ಒಂದು ವಿಷಯದಲ್ಲಾದರೂ ಮರಾಠಿಗೂ ಕನ್ನಡಕ್ಕೂ ಜಗಳವಿಲ್ಲ.

ಈ ಲೆಕ್ಕ ತೊಡಕಾಗುವುದು ಅಳತೆಯ ಮಿತಿ ಇರುವ ಕಡೆ. ಇಂಟರ್ನೆಟ್ ರಿಲೇ ಚಾಟ್, ಅಂದರೆ ಐಆರ್‌ಸಿ, ಅಂಥದೊಂದು ಕಡೆ. 1988ರ ಆಗಸ್ಟಿನಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಇದನ್ನು ರಚಿಸಿದರು. ಇದರ ನಿಯಮಾವಳಿ 1993ರಲ್ಲಿ ಆರ್‌ಎಫ್‌ಸಿ 1459 ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ಸಂದೇಶ 512 ಬೈಟುಗಳನ್ನು ಮೀರಬಾರದು. ಸಾಲಿನ ಅಂತ್ಯವನ್ನು ಸೂಚಿಸುವ ಎರಡು ಬೈಟುಗಳೂ ಇದರಲ್ಲೇ ಸೇರಿವೆ. ಉಳಿದ 510ರಲ್ಲಿ ಕನ್ನಡದ ಸುಮಾರು 170 ಸಂಕೇತಗಳು ಹಿಡಿಸುತ್ತವೆ. ಕಳುಹಿಸಿದವರ ಹೆಸರು, ವಿಳಾಸ, ಸಂವಾದದ ಕೋಣೆಯ ಹೆಸರು ಇವೂ ಅದೇ ಚೀಲದೊಳಗೆ ತುಂಬಬೇಕಾದ್ದರಿಂದ ಮಾತಿಗೆ ಸಿಗುವುದು ಇನ್ನೂ ಕಡಿಮೆ. ಮಿತಿ ಮೀರಿದ ಸಾಲು ಬೈಟಿನ ಲೆಕ್ಕದಲ್ಲಿ ಕತ್ತರಿಸಿಹೋದಾಗ ‘ಸ್ತ್ರೀ’ ಒತ್ತಕ್ಷರವಿಲ್ಲದ ‘ಸ್’ ಆಗಿ ಉಳಿಯಬಹುದು, ಇಲ್ಲವೇ ಕೊನೆಯಲ್ಲಿ ಅರ್ಥವಿಲ್ಲದೊಂದು ಪ್ರಶ್ನಾರ್ಥಕ ಚಿಹ್ನೆ ಕುಳಿತಿರಬಹುದು. ಮೊಬೈಲಿನ ಕಿರುಸಂದೇಶದಲ್ಲಿಯೂ ಇದೇ ಕಥೆ: ಇಂಗ್ಲಿಷಿಗೆ 160, ಕನ್ನಡಕ್ಕೆ 70. ಇಂಥ ಕಡೆ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವ ವಿದ್ಯಾರ್ಥಿಯನ್ನು ಅಭಿಮಾನಶೂನ್ಯ ಎಂದು ಗದರಿಸುವ ಮುನ್ನ ಈ ದರಪಟ್ಟಿಯನ್ನೊಮ್ಮೆ ನೋಡುವುದು ನ್ಯಾಯ.

ನಿರ್ಮಾತೃಗಳನ್ನು ದೂರುವುದು ಸಲ್ಲ. 1988ರಲ್ಲಿ ಯೂನಿಕೋಡ್ ಪ್ರಕಟವಾಗಿರಲಿಲ್ಲ, ಯುಟಿಎಫ್-8 ಹುಟ್ಟಿರಲಿಲ್ಲ. ಆದರೆ ಅದೇ ನಿಯಮಾವಳಿಯಲ್ಲಿ ಕುತೂಹಲದ ಒಂದು ಮಾತಿದೆ. ಹೆಸರುಗಳನ್ನು ಹೋಲಿಸುವಾಗ ಪುಷ್ಪಾವರಣ ಚಿಹ್ನೆಗಳನ್ನು ಚೌಕಾವರಣ ಚಿಹ್ನೆಗಳ ಸಣ್ಣ ರೂಪಗಳೆಂದು ಎಣಿಸಬೇಕಂತೆ! ಕಾರಣ ಸ್ಕ್ಯಾಂಡಿನೇವಿಯಾದ ಮೂಲ ಎಂದು ಅಲ್ಲೇ ಹೇಳಿದೆ. ಆ ನಾಡಿನ ಅಂದಿನ ಗಣಕಗಳಲ್ಲಿ ಆ ಚಿಹ್ನೆಗಳ ಸ್ಥಾನದಲ್ಲಿ ಅಲ್ಲಿನ ವಿಶೇಷ ಸ್ವರಾಕ್ಷರಗಳು ಕುಳಿತಿದ್ದವು. ಅಂದರೆ ತನ್ನ ಮನೆಮಾತಿನ ಅಕ್ಷರಗಳಿಗೆ ಈ ನಿಯಮ ಮೊದಲೇ ಜಾಗ ಮಾಡಿಕೊಟ್ಟಿತ್ತು. ಒಂದು ಭಾಷೆಗೆ ಸಾಧ್ಯವಾದದ್ದು ಇತರ ಭಾಷೆಗಳಿಗೆ ಏಕಾಗಬಾರದು?

ಇದಕ್ಕೆ ಹಲವರು ಕೊಡುವ ಉತ್ತರ, ಹಳೆಯದನ್ನು ಬಿಸುಟು ಹೊಸದನ್ನು ಹಿಡಿಯಬೇಕೆಂಬುದು. ಮೊಜಿಲ್ಲಾ ಸಂಸ್ಥೆ 2020ರಲ್ಲಿ ಹಾಗೆಯೇ ಮಾಡಿ ಮ್ಯಾಟ್ರಿಕ್ಸ್ ಎಂಬ ವ್ಯವಸ್ಥೆಗೆ ತೆರಳಿತು. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು: ಐಆರ್‌ಸಿಗೆ ನೆನಪಿಲ್ಲ, ಗೈರುಹಾಜರಾದವರಿಗೆ ಹಿಂದಿನ ಮಾತು ಸಿಗುವುದಿಲ್ಲ, ಹೆಸರಿನ ಒಡೆತನಕ್ಕೂ ಮೂಲ ನಿಯಮದಲ್ಲಿ ಭದ್ರತೆಯಿಲ್ಲ. ಆದರೂ ಸೊಲ್ಲಾಪುರ, ಅಕ್ಕಲಕೋಟೆಗಳ ಓದುಗರು ಮೋಡಿ ಲಿಪಿಯನ್ನು ನೆನೆಯಬೇಕು. ಶತಮಾನಗಳ ಕಾಲ ಮರಾಠಿಯ ವ್ಯವಹಾರವನ್ನೆಲ್ಲ ಹೊತ್ತ ಆ ಲಿಪಿಯನ್ನು ಕಳೆದ ಶತಮಾನದಲ್ಲಿ ಬಿಟ್ಟುಕೊಟ್ಟದ್ದರಿಂದ, ಅಜ್ಜನ ಜಮೀನಿನ ಕಾಗದ ಓದಲು ಇಂದು ಮೊಮ್ಮಗ ತಜ್ಞರನ್ನು ಹುಡುಕಬೇಕು. ಕನ್ನಡವಾದರೋ ಱ, ೞಗಳ ಬಳಕೆಯನ್ನು ಬಿಟ್ಟರೂ ಲಿಪಿಯನ್ನು ಮುರಿಯಲಿಲ್ಲ; ಯೂನಿಕೋಡ್‌ನಲ್ಲಿಯೂ ಆ ಎರಡಕ್ಕೆ ಸ್ಥಾನವಿದೆ. ಮೆಚ್ಚತಕ್ಕದ್ದು ಈ ಎರಡನೆಯ ದಾರಿ.

ಐಆರ್‌ಸಿವಿ3 ಎಂಬ ಕಾರ್ಯತಂಡ ಹಿಡಿದಿರುವುದೂ ಇದನ್ನೇ. ಎರಡು ಯಂತ್ರಗಳು ಭೇಟಿಯಾದಾಗ ತಮಗೆ ಯಾವ ಹೊಸ ಸೌಲಭ್ಯಗಳು ಗೊತ್ತು ಎಂದು ಮೊದಲು ಕೇಳಿಕೊಳ್ಳುತ್ತವೆ. ಇಬ್ಬರಿಗೂ ಗೊತ್ತಿರುವುದನ್ನು ಬಳಸುತ್ತವೆ, ಗೊತ್ತಿಲ್ಲದವರೊಡನೆ ಹಳೆಯ ಮಾತನ್ನೇ ಆಡುತ್ತವೆ. ಗಡಿಯೂರಿನ ಸಂತೆಯಲ್ಲಿ ಎದುರಿನವರ ಭಾಷೆಯನ್ನು ಒಂದೆರಡು ಮಾತಿನಲ್ಲೇ ಅರಿತು ಹೊರಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂದೇಶದ ಸಮಯ ಮೊದಲಾದ ಉಪಮಾಹಿತಿಗೆ 512ರ ಹೊರಗೆ ಬೇರೆ ಜಾಗ, ಉದ್ದದ ಮಾತನ್ನು ಹಲವು ಸಾಲುಗಳಾಗಿ ಕಳುಹಿಸಿ ಒಂದಾಗಿ ತೋರಿಸುವ ಕ್ರಮ, ಹಳೆಯ ಸಂವಾದವನ್ನು ಕೇಳಿ ಪಡೆಯುವ ಕ್ರಮ ಇವು ಈ ಪ್ರಯತ್ನದ ಫಲಗಳು.

ಆದರೆ ಸಾಲನ್ನು ಎಲ್ಲಿ ತುಂಡರಿಸಬೇಕೆಂಬ ತೀರ್ಮಾನ ಕೇವಲ ಎಂಜಿನಿಯರರದಲ್ಲ. ಅಕ್ಷರ ಎಲ್ಲಿ ಮುಗಿಯುತ್ತದೆ ಎಂಬುದು ವ್ಯಾಕರಣದ ಪ್ರಶ್ನೆ. ‘ಕೀ’ಯನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ‘ಕಿ’ಗೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೀಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಧರಿಸುವ ಅಪಾಯವುಂಟು. ಇವನ್ನು ಪರೀಕ್ಷಿಸಲು ತಂತ್ರಜ್ಞರಿಗೆ ಬೇಕಾದದ್ದು ಚೆನ್ನಾಗಿ ಆಯ್ದ ಪದಗಳ ಒಂದು ಪಟ್ಟಿ. ಕೇಶಿರಾಜನನ್ನು ಓದಿದ ವಿದ್ಯಾರ್ಥಿಗಳು ಅದನ್ನು ಒಂದು ಮಧ್ಯಾಹ್ನದಲ್ಲಿ ಸಿದ್ಧಪಡಿಸಬಲ್ಲರು: ಸ್ತ್ರೀ, ರಾಷ್ಟ್ರ, ವರ್ತ್ಸ್ಯ, ಅರ್ಕಾವತ್ತು ಬೇಕಿರುವ ‘ಸೂರ್ಯ’, ಅದು ಬೇಡದ ‘ರ‍್ಯಾಂಕ್’, ಬಾೞ್.