ವಲಸೆ ಹಕ್ಕಿಯ ಕಾಲಿನ ಉಂಗುರ: ಕರಾವಳಿಯ ಭೂಮಾಲಿಕರು ಮಾಡತಕ್ಕ ಸಹಾಯ

ಭಾದ್ರಪದವು ಕಳೆದು ಮಳೆಯು ಹಿಮ್ಮೆಟ್ಟುತ್ತಲೇ ಅಂಕೋಲೆ ತಾಲೂಕಿನ ಹಾರವಾಡದಿಂದ ಕಾರವಾರದವರೆಗಿನ ಬತ್ತದ ಗದ್ದೆಗಳಲ್ಲಿ ಹೊಸ ಹಕ್ಕಿಗಳು ಕಾಣಿಸಿಕೊಳ್ಳುವುದು ಸರ್ವರಿಗೂ ವಿದಿತವಾದ ಸಂಗತಿಯೇ ಆಗಿದೆ. ಬಾಲವನ್ನು ಕುಣಿಸುತ್ತ ಬದುವಿನ ಮೇಲೆ ಓಡಾಡುವ ಸಿಪಿಲೆಗಳು, ತಂತಿಗಳ ಮೇಲೆ ಸಾಲಾಗಿ ಕೂಡುವ ಕವಲುತೋಕೆಗಳು, ಬೇಲಿಯ ಪೊದೆಯಲ್ಲಿ ಅಡಗಿ ಚಿಟಿಗುಟ್ಟುವ ಉಲಿಯಕ್ಕಿಗಳು, ರಾತ್ರಿಯ ಪ್ರಯಾಣದಿಂದ ಬಳಲಿ ಒಮ್ಮೊಮ್ಮೆ ಮನೆಯ ಜಗಲಿಯಲ್ಲಿಯೇ ಬಂದು ಬೀಳುವ ನವರಂಗ, ಇವೆಲ್ಲವೂ ಆ ಕಾಲದ ಅತಿಥಿಗಳು. ಇವುಗಳಲ್ಲಿ ಅನೇಕವು ಹಿಮಾಲಯದಿಂದಲೂ, ಅದರಾಚೆಯ ಮಧ್ಯ ಏಷ್ಯಾ ಮತ್ತು ಸೈಬೀರಿಯಾ ಪ್ರಾಂತಗಳಿಂದಲೂ ಬಂದು, ಚೈತ್ರ ವೈಶಾಖಗಳೊಳಗೆ ಹಿಂದಿರುಗುವಂಥವು.

ಈ ಅತಿಥಿಗಳು ಒಕ್ಕಲಿಗನ ಮಿತ್ರರೋ ಕಳ್ಳರೋ ಎಂಬ ವಿಷಯದಲ್ಲಿ ನಮ್ಮ ಊರುಗಳಲ್ಲಿ ಎರಡು ಪಕ್ಷಗಳಿವೆ. ಹಕ್ಕಿಯೆಂದರೆ ಕಾಳು ತಿನ್ನುವ ಪ್ರಾಣಿಯೆಂದು ಒಂದು ಪಕ್ಷವು ಹೇಳುತ್ತದೆ. ಹುಳುಗಳನ್ನು ತಿಂದು ಪೈರನ್ನು ಕಾಯುತ್ತದೆಂದು ಇನ್ನೊಂದು. ಎರಡೂ ಪಕ್ಷದವರು ಲೆಕ್ಕವಿಲ್ಲದೆ ತೀರ್ಪು ಕೊಡುತ್ತಿರುವರೆಂಬುದೇ ನನ್ನ ಆಕ್ಷೇಪಣೆ. ಸಿಪಿಲೆ, ಕವಲುತೋಕೆ, ಉಲಿಯಕ್ಕಿಗಳ ಮುಖ್ಯ ಆಹಾರವು ಕೀಟಗಳೇ ಎಂಬುದು ನಿಶ್ಚಿತ. ಆದರೆ ಘಟ್ಟದ ಮೇಲಿನ ಜೋಳದ ಹೊಲಗಳಿಗೆ ಹಿಂಡುಹಿಂಡಾಗಿ ಇಳಿಯುವ ಗುಲಾಬಿ ಕಬ್ಬಕ್ಕಿಯು ತೆನೆಯನ್ನು ತಿನ್ನುವುದೂ ಅಷ್ಟೇ ನಿಶ್ಚಿತ. ಅದೇ ಕಬ್ಬಕ್ಕಿಯು ಮಧ್ಯ ಏಷ್ಯಾದ ತನ್ನ ತವರಿನಲ್ಲಿ ಮಿಡತೆಗಳನ್ನು ತಿಂದು ಅಲ್ಲಿಯ ಬೆಳೆಗಾರರಿಗೆ ಉಪಕಾರ ಮಾಡುತ್ತದೆ.

ಲೆಕ್ಕವಿಲ್ಲದ ತೀರ್ಪಿನಿಂದ ಎಂಥ ಅನರ್ಥವುಂಟಾಗುವುದೆಂಬುದಕ್ಕೆ ಚೀನಾ ದೇಶವು ಸಾಕ್ಷಿಯಾಗಿದೆ. 1958ರಲ್ಲಿ ಅಲ್ಲಿಯ ಸರಕಾರವು ಗುಬ್ಬಚ್ಚಿಯನ್ನು ಧಾನ್ಯದ ವೈರಿಯೆಂದು ಸಾರಿ, ಪ್ರಜೆಗಳೆಲ್ಲರೂ ಅದನ್ನು ಕೊಲ್ಲುವಂತೆ ಮಾಡಿತು. ಗುಬ್ಬಿಗಳು ಹೋದ ಮೇಲೆ ಪೈರಿನ ಕೀಟಗಳು ಹೆಚ್ಚಿದವು. 1960ರಲ್ಲಿ ಗುಬ್ಬಿಯ ಹೆಸರನ್ನು ವೈರಿಗಳ ಪಟ್ಟಿಯಿಂದ ತೆಗೆಯಬೇಕಾಯಿತು.

ಹಕ್ಕಿಗಳ ಲೆಕ್ಕವನ್ನಿಡುವ ಉಪಾಯಗಳಲ್ಲಿ ಕಾಲಿಗೆ ಉಂಗುರ ತೊಡಿಸುವುದು ಬಹು ಮುಖ್ಯವಾದುದು. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಎಂಬ ಉಪಾಧ್ಯಾಯನು ಅಂಕಿಗಳನ್ನು ಕೊರೆದ ಅಲ್ಯುಮಿನಿಯಂ ಉಂಗುರಗಳನ್ನು ಕಬ್ಬಕ್ಕಿಗಳ ಜಾತಿಯ ಹಕ್ಕಿಗಳಿಗೆ ತೊಡಿಸಿ ಈ ಪದ್ಧತಿಗೆ ಅಸ್ತಿಭಾರ ಹಾಕಿದನು. ನಮ್ಮ ದೇಶದಲ್ಲಿ ಈ ಕೆಲಸವು ದೊಡ್ಡ ಪ್ರಮಾಣದಲ್ಲಿ ಬೆಳೆದುದಕ್ಕೆ ನಮ್ಮ ಮಲೆನಾಡಿನ ಒಂದು ರೋಗವೂ ಕಾರಣವಾಯಿತೆಂಬುದನ್ನು ವಾಚಕರು ಗಮನಿಸತಕ್ಕದ್ದು. 1957ರಲ್ಲಿ ಶಿವಮೊಗ್ಗೆ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರವು ತಗಲಿತು. ಆ ರೋಗದ ವಿಷಾಣುವು ಸೈಬೀರಿಯಾದ ಓಮ್ಸ್ಕ್ ಜ್ವರದ ವಿಷಾಣುವನ್ನು ಹೋಲುತ್ತಿದ್ದುದರಿಂದ ವಲಸೆ ಹಕ್ಕಿಗಳೇ ಅದನ್ನು ತಂದವೆಂಬ ಸಂಶಯವು ಹುಟ್ಟಿತು. ಇದನ್ನು ಶೋಧಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯವರು ಡಾ. ಸಲೀಂ ಅಲಿಯವರ ಮುಂದಾಳುತನದಲ್ಲಿ 1959ರಿಂದ ಹಕ್ಕಿಗಳನ್ನು ಹಿಡಿದು, ಮೈಮೇಲಿನ ಉಣ್ಣೆಗಳನ್ನು ಪರೀಕ್ಷಿಸಿ, ಉಂಗುರ ತೊಡಿಸಿ ಬಿಡತೊಡಗಿದರು. ರೋಗವನ್ನು ಹಕ್ಕಿಗಳೇ ತಂದವೆಂಬುದು ಸಿದ್ಧವಾಗಲಿಲ್ಲ. ಅದು ಕಾಡಿನ ಉಣ್ಣೆಗಳಿಂದ ಹರಡುವುದೆಂಬುದು ಸ್ಥಿರಪಟ್ಟಿತು. ಬರಿಯ ಸಂಶಯವನ್ನೇ ನಂಬಿ ಹಕ್ಕಿಗಳನ್ನು ಕೊಲ್ಲಹೊರಟಿದ್ದರೆ ರೋಗವೂ ಉಳಿಯುತ್ತಿತ್ತು, ಪೈರಿನ ಕಾವಲುಗಾರರೂ ನಾಶವಾಗುತ್ತಿದ್ದರು.

ಕೆಲಸದ ಕ್ರಮವು ಹೀಗಿದೆ. ಕಣ್ಣಿಗೆ ಕಾಣದಷ್ಟು ನಯವಾದ ನೈಲಾನ್ ಬಲೆಗಳನ್ನು ನಸುಕಿನಲ್ಲಿ ಗಳುಗಳ ನಡುವೆ ಕಟ್ಟುತ್ತಾರೆ. ಅವುಗಳನ್ನು ಮೇಲಿಂದ ಮೇಲೆ ನೋಡುತ್ತಿದ್ದು, ಸಿಕ್ಕಿದ ಹಕ್ಕಿಯನ್ನು ಕೂಡಲೆ ಬಿಡಿಸಿ ಬಟ್ಟೆಯ ಚೀಲದಲ್ಲಿಡುತ್ತಾರೆ. ರೆಕ್ಕೆಯ ಉದ್ದ, ತೂಕ, ಮೈಯ ಕೊಬ್ಬು, ವಯಸ್ಸು ಇವುಗಳನ್ನು ಬರೆದುಕೊಂಡು, ಉಂಗುರವನ್ನು ತೊಡಿಸಿ ಹಾರಬಿಡುತ್ತಾರೆ. ಉಂಗುರದ ಭಾರವು ಹಕ್ಕಿಯ ತೂಕದ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಅದೇ ಹಕ್ಕಿಯು ವಾರದ ಮೇಲೆ ಮತ್ತೆ ಸಿಕ್ಕಿದರೆ ನಮ್ಮ ಗದ್ದೆಯಲ್ಲಿ ಎಷ್ಟು ದಿನ ನಿಂತಿತು, ಮೈತುಂಬಿಕೊಂಡಿತೇ ಎಂಬುದು ತಿಳಿಯುತ್ತದೆ. ಮರುವರ್ಷ ಸಿಕ್ಕಿದರೆ ತನ್ನ ಹಳೆಯ ನೆಲೆಗೇ ಬಂದಿತೆಂಬುದು ತಿಳಿಯುತ್ತದೆ. ಚೀಲದಲ್ಲಿ ಬಿಟ್ಟ ಹಿಕ್ಕೆಯನ್ನು ಪರೀಕ್ಷಿಸಿದರೆ ಅದು ಯಾವ ಕೀಟವನ್ನು ತಿಂದಿತೆಂಬುದನ್ನೂ ಹೇಳಬಹುದು. ಮಿತ್ರನೋ ಕಳ್ಳನೋ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಾವುದು?

ಇಂಥ ಠಾಣ್ಯಕ್ಕೆ ನಮ್ಮ ಕರಾವಳಿಯು ತಕ್ಕ ಸ್ಥಳವೆಂದು ನನ್ನ ಅಭಿಪ್ರಾಯ. ಇಲ್ಲಿ ಸಹ್ಯಾದ್ರಿಯ ತಪ್ಪಲು ಕಡಲಿಗೆ ತೀರ ಸಮೀಪಿಸಿ, ಗದ್ದೆ, ಗಜನಿ, ತೋಟ, ಕಾಡು ಎಲ್ಲವೂ ಇಕ್ಕಟ್ಟಾದ ಪಟ್ಟಿಯಲ್ಲಿ ಒತ್ತಾಗಿವೆ. ಹಕ್ಕಿಗಳ ಅಭ್ಯಾಸವೂ ಈ ಜಿಲ್ಲೆಗೆ ಹೊಸದಲ್ಲ. ಮೇಲೆ ಹೇಳಿದ ಮುಂಬಯಿಯ ಸಂಘವನ್ನು 1883ರಲ್ಲಿ ಸ್ಥಾಪಿಸಿದವರಲ್ಲೊಬ್ಬರಾದ ಐಟ್ಕನ್ನರು ಕಾರವಾರದಲ್ಲಿ ಸುಂಕದ ಖಾತೆಯಲ್ಲಿದ್ದರು. ಜಿಲ್ಲೆಯ ಕಲೆಕ್ಟರರಾಗಿದ್ದ ಡೇವಿಡ್ಸನ್ನರು ಇಲ್ಲಿಯ ಹಕ್ಕಿಗಳ ವಿಷಯವಾಗಿ ಆ ಸಂಘದ ಪತ್ರಿಕೆಯಲ್ಲಿಯೇ ಬರೆದರು. ತಮಿಳುನಾಡಿನ ಕೋಡಿಯಕ್ಕರೆಯಲ್ಲಿ ಕಡಲಂಚಿನ ಉಂಗುರದ ಕೆಲಸವು ದಶಕಗಳ ಕಾಲ ನಡೆದಿದೆ. ಮೂಡಣ ಕಡಲಿಗೆ ದೊರೆತ ಲೆಕ್ಕವು ಪಡುವಣ ಕಡಲಿಗೂ ಬೇಡವೇ?

‘ಬಲೆಯಿಂದ ಹಕ್ಕಿಗೆ ನೋವಾಗದೇ? ಕುಯಿಲಿನ ಕಾಲದಲ್ಲಿ ಪರಸ್ಥರು ಗದ್ದೆ ತುಳಿದರೆ ನಮಗೇನು ಲಾಭ?’ ಎಂದು ಕೆಲವರು ಕೇಳುವರು. ಇವು ನ್ಯಾಯವಾದ ಪ್ರಶ್ನೆಗಳು. ಅನುಭವವಿಲ್ಲದ ಕೈಯಿಂದ ಹಕ್ಕಿಗೆ ಅಪಾಯವುಂಟು. ಆದಕಾರಣ ತರಬೇತಿಯನ್ನೂ ಸರಕಾರದ ಅಪ್ಪಣೆಯನ್ನೂ ಪಡೆದವರ ಹೊರತು ಇನ್ನಾರೂ ಬಲೆ ಹಾಕಕೂಡದು. ಕುಯಿಲಾದ ಗದ್ದೆ, ಬದು, ಬೇಲಿಯಂಚುಗಳೇ ಈ ಕೆಲಸಕ್ಕೆ ಸಾಕು. ಪೈರಿನೊಳಗೆ ಇಳಿಯುವ ಕಾರಣವಿಲ್ಲ. ಲಾಭವು ಒಂದೇ ವರ್ಷದಲ್ಲಿ ಕೈಗೆ ಬರುವಂಥದಲ್ಲ, ನಿಜ. ಆದರೆ ಯಾವ ವಾರದಲ್ಲಿ ಕೀಟಭಕ್ಷಕ ಹಕ್ಕಿಗಳು ಗದ್ದೆಗೆ ಇಳಿಯುವವೆಂದು ತಿಳಿದವನು ಆ ವಾರದಲ್ಲಿ ವಿಷದ ಔಷಧವನ್ನು ಸಿಂಪಡಿಸುವ ಮೊದಲು ಎರಡು ಸಲ ಯೋಚಿಸುವನು. ಅಷ್ಟು ಹಣವು ಉಳಿದರೂ ಲಾಭವೇ.

ಊರಗೌಡರೂ ಭೂಮಾಲಿಕರೂ ಮಾಡತಕ್ಕ ಸಹಾಯವು ಸ್ವಲ್ಪವೇ. ಮೊದಲನೆಯದು, ಯೋಗ್ಯ ಅಪ್ಪಣೆಯೊಡನೆ ಬಂದವರಿಗೆ ಒಂದು ಬದುವನ್ನೋ ತೋಟದ ಅಂಚನ್ನೋ ಕೆಲವು ದಿನಗಳ ಮಟ್ಟಿಗೆ ಬಿಟ್ಟುಕೊಡುವುದು. ಎರಡನೆಯದು, ಹುಡುಗರು ಬಲೆ, ಅಂಟುಗಳಿಂದ ಹಕ್ಕಿ ಹಿಡಿಯದಂತೆ ತಡೆಯುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧವಾಗಿದೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಉಂಗುರ ತೊಟ್ಟ ಸಣ್ಣ ಹಕ್ಕಿಗಳು ನೂರಿದ್ದರೆ ಅವುಗಳಲ್ಲಿ ಒಂದರ ಸುದ್ದಿಯಾದರೂ ದೂರದಿಂದ ಮರಳಿ ಬರುವುದು ಅಪರೂಪ. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರವು ಕಂಡರೆ ಅದನ್ನು ಮಕ್ಕಳ ಆಟಕ್ಕೆ ಕೊಡದೆ, ಅದರ ಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ತಪ್ಪಿಲ್ಲದೆ ಬರೆದುಕೊಂಡು, ಊರು, ದಿನ, ಸಿಕ್ಕಿದ ಬಗೆ ಇವುಗಳೊಡನೆ ಹತ್ತಿರದ ಅರಣ್ಯ ಕಚೇರಿಗೆ, ಇಲ್ಲವೆ ಮುಂಬಯಿಯ ಶಹೀದ್ ಭಗತಸಿಂಗ್ ರಸ್ತೆಯ ಹಾರ್ನ್‌ಬಿಲ್ ಹೌಸಿನಲ್ಲಿರುವ ಸದರಿ ಸಂಘಕ್ಕೆ ತಿಳಿಸತಕ್ಕದ್ದು. ಜೀವಂತ ಹಕ್ಕಿಯಾದರೆ ಉಂಗುರವನ್ನು ತೆಗೆಯದೆ, ಅಂಕಿಯನ್ನು ಓದಿಕೊಂಡು ಬಿಟ್ಟುಬಿಡತಕ್ಕದ್ದು.

ಸೈಬೀರಿಯಾದಲ್ಲಿ ಬರೆದ ಲೆಕ್ಕದ ಮೊದಲನೆಯ ಸಾಲು ಹಾರವಾಡದ ಗದ್ದೆಯಲ್ಲಿ ಪೂರ್ತಿಯಾಗಬಹುದು. ಅದನ್ನು ಪೂರ್ತಿಗೊಳಿಸುವವನು ಪಂಡಿತನಲ್ಲ, ಗದ್ದೆಯಲ್ಲಿ ನಿಂತಿರುವ ಒಕ್ಕಲಿಗನು. ಅವನ ಒಂದು ಕಾರ್ಡು ಬಾರದಿದ್ದರೆ ಎಷ್ಟು ಉಂಗುರ ತೊಡಿಸಿದರೂ ವ್ಯರ್ಥವೇ ಸರಿ. ಈ ವರ್ಷ ಮಳೆ ನಿಂತು ಸಿಪಿಲೆಗಳು ಬದುವಿಗೆ ಇಳಿಯುವ ಮೊದಲು ಪ್ರತಿಯೊಂದು ಊರಿನ ಸಭೆಯಲ್ಲಿ ಈ ಮಾತನ್ನು ತಿಳಿಯಹೇಳಬೇಕೆಂದು ಮುಖಂಡರಲ್ಲಿ ನನ್ನ ವಿಜ್ಞಾಪನೆ.